ಆಯಿಗಾಗಿ ತಗ್ಗಿದ ಕಾರು

ಆಗ ನಮ್ಮ ಇಡೀ ಓಣಿಗೆ ಒಂದೇ ಕಾರು, ಅದೂ ನಮ್ಮದು! ಅರವತ್ತರ ದಶಕದ ವಿಜಾಪುರದಲ್ಲಿ ಬೆಳೆದವರಿಗೆ ಆ ಗತ್ತನ್ನು ಬಿಡಿಸಿ ಹೇಳಬೇಕಿಲ್ಲ. ವಕೀಲನಾಗಿದ್ದ ಅಪ್ಪ ಯಾರಿಂದಲೋ ಕೊಂಡು ತಂದ ಹಳೆಯ ವಿಲಾಯತಿ ಗಾಡಿ. ಅದರೊಳಗಿನ ಪೆಟ್ರೋಲು, ಚರ್ಮದ ವಾಸನೆಗೆ ಮರುಳಾಗಿ ನಾನು ನಿಂತ ಕಾರಿನಲ್ಲೇ ಕೂತು ಗಜಗದ ಬೀಜಗಳ ಆಟ ಆಡುತ್ತಿದ್ದೆ.

ಆದರೆ ಯಾರಿಗಾಗಿ ಅದನ್ನು ತಂದಿದ್ದನೋ ಆ ನಮ್ಮ ಆಯಿಗೇ, ಅಪ್ಪನ ಅವ್ವನಿಗೆ, ಹತ್ತಲಾಗುತ್ತಿರಲಿಲ್ಲ. ಕಾರು ಎತ್ತರ, ಅವಳ ಮೊಣಕಾಲು ಮಡಚುತ್ತಿರಲಿಲ್ಲ. ಎತ್ತಿ ಕೂಡಿಸಹೋದರೆ ನಾನೇನು ಜೋಳದ ಚೀಲವೇ ಎಂದು ಸಿಡುಕುತ್ತಿದ್ದಳು. ಎರಡು ವರ್ಷದಿಂದ ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿರಲಿಲ್ಲ. ನಿಂತ ಬೆಳೆಗೆ ತನ್ನ ಕೈಯಾರೆ ಹಬ್ಬದಡಿಗೆ ಎರಚಿ ಚರಗ ಚೆಲ್ಲದೆ ಅವಳಿಗೆ ಹಬ್ಬದೂಟವೇ ಇಳಿಯುತ್ತಿರಲಿಲ್ಲ.

ಆ ವರ್ಷ ಅಪ್ಪ ಮಿಸ್ತ್ರಿ ರಾಜೇಸಾಬ ಮಾಮಾನನ್ನು ಕರೆಸಿದ. ಕಾರಿನ ಭಾರ ಹೊರುವ ಉಕ್ಕಿನ ಪಟ್ಟಿಗಳಿಗೆ ಅವನು ಪಾಟಾ ಎನ್ನುತ್ತಿದ್ದ. ಅವುಗಳಲ್ಲಿ ಕೆಲವನ್ನು ತೆಗೆದರೆ ಕಾರು ತಗ್ಗುತ್ತದೆ.

‘ಅವ್ವಾರು ಆರಾಮ ಕುಂದರತಾರ್ರಿ ಸಾಹೇಬ್ರ. ಆದ್ರ ಡಾಂಬರ ಬಿಟ್ಟು ಇಳದ್ರ ಹೊಟ್ಟಿ ನೆಲಕ್ಕ ಬಡೀತೈತಿ’ ಎಂದು ಅವನು ಎಚ್ಚರಿಸಿದ.

‘ನಮ್ಮವ್ವ ಕುಂತ್ರ ಸಾಕು’ ಎಂದ ಅಪ್ಪ.

ಅಮಾವಾಸ್ಯೆಯ ಮುಂಜಾನೆ ಆಯಿ ಇಳಕಲ್ ಸೀರೆ ಉಟ್ಟು ಬಂದವಳೇ, ಯಾರ ಕೈಯನ್ನೂ ಹಿಡಿಯದೆ, ಹಿಂದಿನ ಸೀಟಿನಲ್ಲಿ ಕೂತುಬಿಟ್ಟಳು. ನನಗೆ ಕುಣಿಯುವಷ್ಟು ಸಂತೋಷ. ಸಜ್ಜೆರೊಟ್ಟಿ, ಕಡಬು, ಎಣ್ಣೆಗಾಯಿ, ಪುಂಡಿಪಲ್ಯೆ, ಮಜ್ಜಿಗೆ ಬೆರೆಸಿದ ಬಾನದ ಗಡಿಗೆ ಎಲ್ಲವನ್ನೂ ಹೇರಿ ನನ್ನ ಅವ್ವ, ಕಾಕಾ, ನಾನು ಎಲ್ಲರೂ ತುಂಬಿಕೊಂಡೆವು. ಕೋರ್ಟಿನಲ್ಲಿ ಅಷ್ಟು ವಾದ ಮಾಡುವ ಅಪ್ಪನಿಗೆ ಈ ಭಾರದ ವಿಚಾರ ಹೊಳೆಯಲೇ ಇಲ್ಲ!

ಬಬಲೇಶ್ವರದವರೆಗೆ ಸುಖ. ಮುಂದೆ ನಿಡೋಣಿ ಕಡೆಯ ಗಾಡಿದಾರಿಯಲ್ಲಿ ಎರಡೂ ಬದಿ ಗಾಲಿ ಕೊರೆದ ತಗ್ಗು, ನಡುವೆ ಗೇಣೆತ್ತರದ ಎರೆಮಣ್ಣಿನ ದಿಬ್ಬ. ಕಾರಿನ ಹೊಟ್ಟೆ ಕರ್ರೆಂದಿತು. ಅಪ್ಪ ಆಯಿಯೊಬ್ಬಳನ್ನು ಬಿಟ್ಟು ಎಲ್ಲರನ್ನೂ ಇಳಿಸಿದ. ಅವ್ವನ ತಲೆಗೆ ಬುಟ್ಟಿ, ಕಾಕಾನ ಹೆಗಲಿಗೆ ಗಡಿಗೆ, ನನ್ನ ಕೈಗೆ ರೊಟ್ಟಿಯ ಗಂಟು. ಮುಂದೆ ಕಾರು ತೆವಳುತ್ತಿತ್ತು, ಹಿಂದೆ ನಾವು ನಗುತ್ತ ನಡೆದೆವು. ಆಯಿ ಕಿಟಕಿಯಿಂದ ತಲೆ ಹೊರಗೆ ಹಾಕಿ, ಬಾನ ತುಳುಕೀತು, ಜೋಕೆ ಎಂದು ಹುಕುಂ ಮಾಡುತ್ತಿದ್ದಳು. ನಮ್ಮನ್ನು ದಾಟಿ ಹೋಗುತ್ತಿದ್ದ ಎತ್ತಿನ ಗಾಡಿಯವರು, ವಕೀಲರೇ, ಎತ್ತು ಬೇಕೇ ಎಂದು ಚಾಷ್ಟಿ ಮಾಡಿದರು. ಹೊಲ ಕಾಣುವಷ್ಟರಲ್ಲಿ ಕಾರು ದಿಬ್ಬದ ಮೇಲೆ ಕೂತೇಬಿಟ್ಟಿತು. ಅವರೇ ಮರಳಿ ಬಂದು ಎತ್ತು ಕಟ್ಟಿದರು.

‘ಇಳೀತಿ ಏನವ್ವಾ?’ ಅಪ್ಪ ಕೇಳಿದ.

‘ಹತ್ತಾಕ ಎರಡ ವರ್ಷ ಹಿಡದೈತಿ. ಇಷ್ಟ ಲಗೂ ಇಳೀಲೇನು?’

ಕೊರಳಗಂಟೆ ಗಲಗಲ ಎನ್ನುತ್ತಿರಲು, ಎತ್ತು ಎಳೆದ ಕಾರಿನಲ್ಲಿ ಆಯಿ ತನ್ನ ಹೊಲಕ್ಕೆ ಬಂದಳು. ಹುಲ್ಲುಲ್ಲಿಗೋ ಎಂದು ಹಬ್ಬದ ಕೂಗು ಹಾಕುತ್ತ ಅವಳು ಚರಗ ಚೆಲ್ಲುವಾಗ ಅಪ್ಪ ಅಳುತ್ತಿದ್ದುದನ್ನು ನಾನು ನೋಡಿದೆ.

ವರ್ಷವಿಡೀ ತಗ್ಗುದಿನ್ನೆಗೆ ನಮ್ಮ ಬೆನ್ನು ಹಣ್ಣಾದರೂ ಅಪ್ಪ ಪಾಟಾ ಮತ್ತೆ ಹಾಕಿಸಲಿಲ್ಲ. ಇನ್ನೂ ಮೂರು ಎಳ್ಳಮಾವಾಸ್ಯೆ ನಾವು ಆಯಿಯ ಕಾರಿನ ಹಿಂದೆ ನಡೆದೆವು. ಇವತ್ತು ಆ ದಾರಿಗೂ ಡಾಂಬರು ಬಿದ್ದಿದೆ, ಆದರೆ ಅಂಥ ನಗು ಮತ್ತೆ ನಾನು ನಕ್ಕಿಲ್ಲ.

ಆಯಿ ತೀರಿಕೊಂಡ ಮೇಲೆ ರಾಜೇಸಾಬ ಮಾಮಾ ಪಾಟಾ ಕೂಡಿಸಿದ, ಕಾರು ಮೊದಲಿನಂತೆ ಎತ್ತರವಾಯಿತು. ಆ ವರ್ಷದ ಎಳ್ಳಮಾವಾಸ್ಯೆಯ ದಿನ ಬಬಲೇಶ್ವರ ದಾಟಿ ಗಾಡಿದಾರಿ ಬಂದ ಕೂಡಲೇ ಅವ್ವ ರೂಢಿಯಂತೆ ಬುಟ್ಟಿ ಎತ್ತಿಕೊಂಡು ಬಾಗಿಲಿಗೆ ಕೈ ಹಾಕಿದಳು.

‘ಇಳಿಯೂದು ಬ್ಯಾಡ. ಈಗ ಹೋಗ್ತೈತಿ’ ಎಂದ ಅಪ್ಪ.