ಹೂಂ ಅನ್ನುವವ

ಜಟ್ಟೆಪ್ಪನನ್ನು ಕಲ್ಲವ್ವ ಮೊದಲು ಕಂಡ ದಿನ ಅವಳ ಕೈಯಲ್ಲಿ ಚಹಾದ ತಾಟಿತ್ತು, ತಾಟಿನಲ್ಲಿ ನಾಲ್ಕು ಕಪ್ಪು. ಪರರಾಜ್ಯದ ದಿವಾ ಊರಿನ, ಸಾಲುಮನೆಗಳ ಆ ಚಾಳಿಗೆ ಅವನು ಬಾಡಿಗೆಗೆ ಬಂದು ವಾರವೂ ಆಗಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಅವಳ ಕಿವಿಗೆ ಕನ್ನಡ ಬೀಳುವುದೇ ಅಪರೂಪ. ಮೊಮ್ಮಕ್ಕಳು ಸಹ ಹಿಂದಿಯಲ್ಲೇ ಉತ್ತರ ಕೊಡುತ್ತಿದ್ದರು. ಅಂಥದರಲ್ಲಿ ಗೋಡೆಯಾಚೆ ನಾಲ್ಕು ಜನ ವಿಜಯಪುರದ ಕಡೆಯ ಮಾತಿನಲ್ಲಿ ಬೈದಾಡಿ ನಗುವುದು ಕೇಳಿಸಿತು. ಹೆಂಗಸಿಲ್ಲದ ಮನೆ, ಬಂದ ಮಂದಿ ಬರಿಬಾಯಲ್ಲಿ ಹೋಗಬಾರದೆಂದು ಚಹಾ ಕಾಸಿ ಒಯ್ದಳು.

ಒಳಗೆ ಅವನೊಬ್ಬನೇ, ಕೊರಳಲ್ಲೊಂದು ಮೈಕು. ಎದುರಿಗೆ ಟಿವಿ, ಅದರ ಕೆಳಗೊಂದು ವಿಡಿಯೊ ಆಟದ ಪೆಟ್ಟಿಗೆ.

"ಮಂದಿ ಎಲ್ಲಿ ಹೋದ್ರೋ ತಮ್ಮಾ?"

"ಇದರಾಗ ಅದಾರ ಆಯಿ. ಒಬ್ಬಾಂವ ಇಂಡಿಯಾಗ... ಅಂದ್ರ ನಮ್ಮ ಇಂಡಿ ಊರಾಗ. ಒಬ್ಬಾಂವ ರಾಯಚೂರಾಗ. ಬಾಲಪ್ಪ ಇಲ್ಲೇ ಸೀವುಡ್ಸ್‌ನ್ಯಾಗ."

"ಯಾರೋ ಅದು ಜಟ್ಟ್ಯಾ?" ಟಿವಿಯೊಳಗಿಂದ ಬಾಲಪ್ಪ ಕೇಳಿದ.

"ಬಾಜೂಮನಿ ಆಯಿ. ನಿಮಗೂ ಚಾ ತಂದಾಳ."

"ನನ್ನ ಪಾಲಿಂದು ಕುಡದೀ ಮತ್ತ! ಆರಿದ್ರೂ ಇರಲಿ."

ಜಟ್ಟೆಪ್ಪ ಎಡಗೈಯಲ್ಲಿ ಕಪ್ಪು ಹಿಡಿದ. ಬಲಗೈಗೆ ಬಟ್ಟೆ ಸುತ್ತಿತ್ತು. ಡೊಂಬಿವಲಿಯ ಕಾರ್ಖಾನೆಯ ಮಷೀನು ಬೆರಳುಗಳನ್ನು ನುಂಗಿತ್ತು. ಆಡಲು ಎರಡೂ ಕೈ ಬೇಕು. ಗೆಳೆಯರಿಗೆ ಅವನು ಅದನ್ನು ಹೇಳಿರಲಿಲ್ಲ. ಅವರ ಆಟ ಇವನ ಟಿವಿಯಲ್ಲಿ ಕಾಣುತ್ತಿತ್ತು. "ಇವತ್ತ ಬ್ಯಾಸರಾಗೇತಿ, ನೀವು ಆಡ್ರಿ, ನಾ ನೋಡ್ತೀನಿ," ಎಂದು ದಿನ ದೂಡುತ್ತಿದ್ದ. ಬೆರಳು ಹೋದವು ಹೋದವು, ಆ ನಾಲ್ವರಲ್ಲಿನ ತನ್ನ ಜಾಗವೂ ಹೋದರೆ ಎಂಬುದೇ ಅವನ ಭಯ.

ಕಲ್ಲವ್ವ ಸಂಜೆಯಾದರೆ ಸಬ್ಬಸಿಗೆ ಸೊಪ್ಪು ಸೋಸುತ್ತ ಅವನ ಹೊಸ್ತಿಲಲ್ಲಿ ಕೂರತೊಡಗಿದಳು. ಒಂದು ದಿನ ಬಾಲಪ್ಪನ ತಾಳ್ಮೆ ಹೋಯಿತು. "ಆಡ್ತಿದ್ರ ಆಡು. ಇಲ್ಲಾಂದ್ರ ನಾಳಿಂದ ಬ್ಯಾರೇದಾಂವನ್ನ ಹುಡುಕ್ತೀವಿ."

ಜಟ್ಟೆಪ್ಪ ಮೈಕು ಬಂದ್ ಮಾಡಿ ತಲೆ ಬಗ್ಗಿಸಿದ.

"ನಮ್ಮ ಕಡೆ ಕತಿ ಹೇಳಾಂವಗ ಹೂಂ ಅನ್ನಾಂವ ಒಬ್ಬ ಬೇಕs ಬೇಕು," ಎಂದಳು ಕಲ್ಲವ್ವ. "ಹೂಂ ನಿಂತ್ರ ಕತಿ ನಿಲ್ಲತೈತಿ. ಅದಕ್ಕ ಬೆರಳ್ಯಾಕ? ಖರೇ ಹೇಳಿಬಿಡು."

ಜಟ್ಟೆಪ್ಪ ಮೈಕು ಮತ್ತೆ ಹಚ್ಚಿ ಬೆರಳು ಹೋದದ್ದನ್ನು ಹೇಳಿದ. 

"ಮೊದಲs ಬೊಗಳಾಕ ಏನಾಗಿತ್ತೋ ಮಂಗ್ಯಾ?" ಬಾಲಪ್ಪನ ದನಿ ಇಳಿದಿತ್ತು. "ಆಡಾಕ ಮತ್ತೊಬ್ಬ ಬರಲಿ. ನೀ ಎದ್ದು ಹೋಗಬ್ಯಾಡ. ಕೂತು ಹೂಂ ಅನ್ನು."

ಬಂದ ಹೊಸಬ ಹಿಂದಿಯವ. ಬರಬರುತ್ತ ಮಾತೆಲ್ಲ ಹಿಂದಿಗೆ ಹೊರಳಿತು, ನಗೆ ಬೇರೆಯವರ ಮನೆಯದಾಯಿತು. ನಡುನಡುವೆ ಬಾಲಪ್ಪ ಮಾತ್ರ, "ಜಟ್ಟ್ಯಾ, ಅದೀಯೇನೋ?" ಎನ್ನುತ್ತಿದ್ದ. "ಹೂಂ" ಎನ್ನಲು ಜಟ್ಟೆಪ್ಪ ಇಡೀ ಸಂಜೆ ಕಾದಿರುತ್ತಿದ್ದ.

ಮಳೆ ಹಿಡಿದಾಗ ಗಾಯ ಕೀವುಗಟ್ಟಿತು. ಜ್ವರದಲ್ಲಿ ಅವನನ್ನು ಆಸ್ಪತ್ರೆಗೆ ಒಯ್ಯಲು ಆಟೋ ಬಂತು. ಟಿವಿಯಲ್ಲಿ ಆಟ ನಡೆದಿತ್ತು.

"ಬಾಲಪ್ಪಗ ಹೇಳಲೇನೋ?" ಕಲ್ಲವ್ವ ಕೇಳಿದಳು.

"ಬ್ಯಾಡ ಆಯಿ. ಗೊತ್ತಾದ್ರ ಆಟ ಬಿಟ್ಟು ಎಲ್ಲಾರೂ ಎದ್ದು ಹೋಗ್ತಾರ. ನಾ ಬರೂದ್ರಾಗ ಅಲ್ಲಿ ಯಾರೂ ಇರಂಗಿಲ್ಲ."

ಕೊರಳಲ್ಲಿದ್ದ ಮೈಕನ್ನು ಎಡಗೈಯಿಂದ ತೆಗೆದು ಅವಳ ಕೊರಳಿಗೆ ಹಾಕಿದ. ಹೊಸ್ತಿಲು ದಾಟಿ ಮತ್ತೆ ತಿರುಗಿದ. ಅವನು ಅವಳನ್ನು ಕೇಳಿದ್ದು ಅದೇ ಕಡೆಯದು:

"ಆಯೀ, ಅವ ಅದೀಯೇನೋ ಅಂದ್ರ, ನೀ ಹೂಂ ಅಂತೀಯಿಲ್ಲೋ?"