ಕೆಂಪು ಗೆರೆ ದಾಟಿದಾಗ

ಎಷ್ಟು ರಕ್ತ ಹೋದರೆ ಹೆಚ್ಚು? ಕಳೆದ ಮಂಗಳವಾರದವರೆಗೆ ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ.

ಅಂದು ಬೆಳಿಗ್ಗೆ ಚನ್ನಪಟ್ಟಣದ ಒಂದು ಸಣ್ಣ ಆಸ್ಪತ್ರೆಯಲ್ಲಿ ನನ್ನ ತಂಗಿಯ ಮಗಳು ರೂಪಾಗೆ ಹೆರಿಗೆಯಾಯಿತು. ಹೆರಿಗೆ ಕೋಣೆಯೊಳಗೆ ಜೊತೆಗೆ ಒಬ್ಬ ಹೆಂಗಸು ಇರಬಹುದು ಎಂದಿದ್ದರು. ತಂಗಿಗೆ ರಕ್ತ ಕಂಡರೆ ತಲೆ ಸುತ್ತುತ್ತದೆ. ದೊಡ್ಡಮ್ಮನಾದ ನಾನು ಒಳಗೆ ಹೋದೆ. (ನನಗೂ ಸುತ್ತುತ್ತದೆ. ಹೇಳಿರಲಿಲ್ಲ.)

ಹೆಣ್ಣು ಮಗು. ಜೋರಾಗಿ ಅತ್ತಿತು. ರೂಪಾ ನಕ್ಕು, "ದೊಡ್ಡಮ್ಮ, ಮೂಗು ಯಾರ್ದು ಬಂದೈತೆ ನೋಡಿ" ಎಂದಳು. ಎಲ್ಲ ಮುಗಿಯಿತು ಅಂದುಕೊಂಡೆ.

ಅವಳ ಕೆಳಗೆ ಒಂದು ಪ್ಲಾಸ್ಟಿಕ್ ಹಾಳೆ ಹಾಸಿದ್ದರು. ಅದರ ತುದಿ ಚೀಲದಂತೆ ಮಂಚದಿಂದ ಜೋತು ಬಿದ್ದಿತ್ತು. ಚೀಲದ ಮೇಲೆ ಎರಡು ಗೆರೆ: ಕೆಳಗೆ ಹಳದಿ, ಮೇಲೆ ಕೆಂಪು. ಹರಿದ ರಕ್ತವೆಲ್ಲ ಅದರಲ್ಲಿ ಸೇರುತ್ತಿತ್ತು.

ಅಲ್ಲಿ ಇಬ್ಬರು ನರ್ಸ್ ಇದ್ದರು. ಹಿರಿಯರಾದ ಜಯಮ್ಮ ಸಿಸ್ಟರ್ ಎಷ್ಟೋ ಸಾವಿರ ಹೆರಿಗೆ ಕಂಡವರು. ಸುಮಾ ಕೆಲಸಕ್ಕೆ ಸೇರಿ ವರ್ಷವೂ ಆಗಿಲ್ಲ. ಜಯಮ್ಮ ಒಮ್ಮೆ ಬಗ್ಗಿ ನೋಡಿ, "ಒಸಿ ಹೋಯ್ತದೆ ಬುಡು, ಮಾಮೂಲಿ" ಎಂದು ಮಗುವಿನ ಕಡೆ ತಿರುಗಿದರು.

ಸುಮಾ ಕದಲಲಿಲ್ಲ. ಚೀಲವನ್ನೇ ನೋಡುತ್ತಿದ್ದಳು. ಬಾಯಿ ತೆರೆದಳು, ಮುಚ್ಚಿದಳು. ಅಷ್ಟು ಹಿರಿಯರಿಗೆ 'ನಿಮ್ಮ ಅಂದಾಜು ತಪ್ಪು' ಎನ್ನುವುದು ಹೇಗೆ?

ಕೊನೆಗೆ ಮೆಲ್ಲಗೆ ಅಂದಳು: "ಅಕ್ಕ, ಇದು ನಾನು ಹೇಳ್ತಿರೋದಲ್ಲ. ಕೆಂಪು ಗೆರೆ ದಾಟೈತೆ, ನೀವೇ ನೋಡಿ."

ಜಯಮ್ಮ ನೋಡಿದರು. ಅವರು ರೂಪಾಳ ಕಿಬ್ಬೊಟ್ಟೆ ಒತ್ತಿ ಉಜ್ಜತೊಡಗಿದರು. ಸುಮಾ ಮೊದಲೇ ಜೋಡಿಸಿಟ್ಟಿದ್ದ ಟ್ರೇ ಎಳೆದುಕೊಂಡಳು. ಇಂಜೆಕ್ಷನ್, ಡ್ರಿಪ್. ಡಾಕ್ಟರು ಓಡಿ ಬಂದರು. ರೂಪಾಳ ಮಾತು ನಿಂತಿತ್ತು. ತುಟಿ ಬೆಳ್ಳಗಾಗಿತ್ತು. ಅವಳ ಕೈ ನನ್ನ ಕೈಯೊಳಗೆ ತಣ್ಣಗಾಗುತ್ತಿತ್ತು. ಎಷ್ಟು ಹೊತ್ತು ಹಾಗಿತ್ತೋ, ನಾನು ಹೇಳಲಾರೆ.

ರಕ್ತ ನಿಂತಿತು.

ಮಧ್ಯಾಹ್ನ ರೂಪಾ ಎರಡು ಚಮಚ ಗಂಜಿ ಕುಡಿದು ಮಲಗಿದ ಮೇಲೆ ಸುಮಾಳನ್ನು ಕೇಳಿದೆ. ರಕ್ತ ಹೆಚ್ಚು ಹೋದರೆ ಏನೇನು ಮಾಡಬೇಕೆಂದು ಹೆರಿಗೆ ಕೋಣೆಯ ಗೋಡೆಯ ಮೇಲೆ ದೊಡ್ಡ ಚಾರ್ಟ್ ಇದೆಯಲ್ಲ, ಅದು ಸಾಲದೇ, ಈ ಗೆರೆ ಯಾಕೆ?

"ಅದು ಇನ್‌ಸ್ಪೆಕ್ಷನ್‌ಗೆ ಬರೋರು ಓದೋಕೆ ಆಂಟಿ. ರಕ್ತ ಹೋಯ್ತಿರೋವಾಗ ಗೋಡೆ ಯಾರು ನೋಡ್ತಾರೆ?"

ಚಾರ್ಟಿನಲ್ಲಿದ್ದುದೆಲ್ಲ ಜಯಮ್ಮನವರಿಗೆ ಬಾಯಿಪಾಠ. ಆದರೆ ಯಾವ ಕ್ಷಣದಲ್ಲಿ ಶುರು ಮಾಡಬೇಕು ಎಂಬುದನ್ನು ಅವರು ಕಣ್ಣಳತೆಗೆ ಬಿಟ್ಟಿದ್ದರು; ಆ ಕ್ಷಣವನ್ನು ತೋರಿಸುವುದೇ ಕೆಂಪು ಗೆರೆಯ ಕೆಲಸ. (ನಾವು ಅಡುಗೆಗೆ ಉಪ್ಪು ಹಾಕುವುದೂ ಹಾಗೆಯೇ. ಅಲ್ಲಿ ಹೆಚ್ಚಾದರೆ ನೀರು ಬೆರೆಸಬಹುದು, ಅಷ್ಟೇ ವ್ಯತ್ಯಾಸ.)

ಹೊರಡುವ ಮುನ್ನ ಧೈರ್ಯ ಮಾಡಿ ಜಯಮ್ಮನವರನ್ನೂ ಕೇಳಿದೆ. ಆ ಗೆರೆ ಇಲ್ಲದಿದ್ದರೆ? ಅವರು ಸಿಟ್ಟಾಗಲಿಲ್ಲ.

"ಇನ್ನೊಂದ್ ಹತ್ತು ನಿಮಿಷ ನೋಡ್ತಿದ್ದೆ ಕಣಮ್ಮ. ಕಣ್ಣಿಗೆ ಯಾವಾಗ್ಲೂ ಕಮ್ಮಿನೇ ಕಾಣೋದು."

ಆ ಹಾಳೆಯನ್ನು ರೂಪಿಸಿದವರು ಯಾರೋ ನನಗೆ ಗೊತ್ತಿಲ್ಲ. ಹಿರಿಯರ ಎದುರು ಬಾಯಿ ತೆರೆದು ಮುಚ್ಚಿದ ಯಾವುದೋ ಕಿರಿಯ ನರ್ಸನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಆ ಗೆರೆ ಎಳೆದಿರಬಹುದೇ?