ಮೂಕಮ್ಮನ ಎಲೆಯ ಅಳತೆ

ಕೋಳಿ ಕೂಗಿದೆ, ಮಸೀದಿಯ ಬಾಂಗು ಇನ್ನೂ ಆಗಿಲ್ಲ. ಬಳ್ಳಾರಿಯ ಕೌಲ್ ಬಜಾರಿನ ಓಣಿಯೊಂದರಲ್ಲಿ ಮೂಕಮ್ಮ ಗೋಣಿತಟ್ಟು ಹಾಸಿಕೊಂಡು ಅಂಗಳದಲ್ಲಿ ಕೂತಿದ್ದಾಳೆ. ಮಗ್ಗುಲಲ್ಲಿ ಮುತ್ತಲ ಎಲೆಯ ರಾಶಿ, ಮಡಿಲಲ್ಲಿ ಜೋಳದ ದಂಟಿನಿಂದ ಸೀಳಿದ ಕಡ್ಡಿಗಳು. ಎಲೆಯ ಅಂಚಿಗೆ ಎಲೆ ಇಡುತ್ತಾಳೆ, ಕಡ್ಡಿ ಚುಚ್ಚುತ್ತಾಳೆ, ಮಿಕ್ಕ ತುದಿಯನ್ನು ಚಿವುಟಿ ಬಿಸಾಡುತ್ತಾಳೆ. ಬಿಸಿಲೇರಿದರೆ ಒಣಗಿದ ಎಲೆ ಹಪ್ಪಳದಂತೆ ಮುರಿಯುತ್ತದೆ. ಗಾಳಿಯಲ್ಲಿ ತಂಪು ಇರುವಾಗಲೇ ಪತ್ರಾವಳಿ ಹೊಲಿದು ಮುಗಿಸಬೇಕು.

ಇವತ್ತು ಕೈ ಎಲೆಯ ಮೇಲಿದ್ದರೂ ಆಕೆಯ ಕಣ್ಣು ಓಣಿಯ ತುದಿಯಲ್ಲಿದೆ. ಗಾಡಿ ಹೊಡೆಯುವ ಜಡೆಪ್ಪ ಆಕೆಯ ನಮೂನೆ ಎಲೆಗಳನ್ನು ಹೊತ್ತು ಕುರುಗೋಡಿಗೂ ಸಿರುಗುಪ್ಪಕ್ಕೂ ಹೋಗಿ ಐದು ದಿನವಾಯಿತು. ಆ ಎರಡು ಊರಿನ ಎರಡು ದೊಡ್ಡ ಮನೆಗಳು ಹೋದ ವರ್ಷ ಈಕೆಯ ಎಲೆಗೆ ಬಾಗಿಲು ಮುಚ್ಚಿವೆ. ಈ ಶ್ರಾವಣಕ್ಕೂ ಬೇಡವೆಂದರೆ ಮೂಕಮ್ಮ ಎಲೆ, ಕಡ್ಡಿ ಬಿಟ್ಟು ಮತ್ತೆ ರಸ್ತೆಗೆ ಜಲ್ಲಿ ಒಡೆಯಲು ಹೋಗಬೇಕು.

ಹೆಸರಿಗಷ್ಟೇ ಮೂಕಮ್ಮ, ಮಾತಿಗೇನೂ ಬರವಿಲ್ಲ. ನಿಜವಾದ ಬರವನ್ನು ಮಾತ್ರ ಆಕೆ ಕಣ್ಣಾರೆ ಕಂಡಿದ್ದಾಳೆ. ಹನ್ನೆರಡು ವರ್ಷದ ಹಿಂದೆ, ೧೮೭೬ರ ಧಾತು ಸಂವತ್ಸರದ ಬರದಲ್ಲಿ, ಸಂಗನಕಲ್ಲಿನ ಕಡೆಯಿಂದ ಗಂಡ ಚಿನ್ನಪ್ಪನ ಜೊತೆ ಬಳ್ಳಾರಿಗೆ ಬಂದವಳು. ಗಂಡ ಹೆಂಡತಿ ಇಬ್ಬರೂ ಸರ್ಕಾರದ ರಸ್ತೆ ಕೆಲಸದಲ್ಲಿ ಕಲ್ಲೊಡೆದರು. ಚಿನ್ನಪ್ಪ ಎರಡನೇ ಬೇಸಿಗೆ ಕಾಣಲಿಲ್ಲ. ತಾಯಿಯಿಂದ ಕಲಿತಿದ್ದ ಎಲೆ ಹೊಲಿಗೆ ಕೈಯಲ್ಲಿತ್ತು, ಆದರೆ ಆ ಕಾಲದಲ್ಲಿ ಎಲೆ ಯಾರಿಗೆ ಬೇಕಿತ್ತು?

"ಗಂಜಿಗೆ ಎಲಿ ಯಾಕ ಬೇಕ್ರೀ?" ಅನ್ನುತ್ತಾಳೆ ಮೂಕಮ್ಮ, ಕಡ್ಡಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ. "ಎರಡೂ ಕೈ ಕೂಡಿಸಿ ಬೊಗಸಿ ಹಿಡೀತಿದ್ವಿ. ಬೊಗಸಿ ತುಂಬಿದ್ರ ಅವತ್ತು ಹಬ್ಬ."

ಮಳೆ ಬಂತು, ಬೆಳೆ ಬಂತು, ಅದರ ಹಿಂದೆಯೇ ಹಬ್ಬಗಳೂ ಬಂದವು. ಈಗ ಆಕೆ ದಿನಕ್ಕೆ ನೂರೈವತ್ತು ಪತ್ರಾವಳಿ ಹೊಲಿಯುತ್ತಾಳೆ. ದೊಡ್ಡದಕ್ಕೆ ಹನ್ನೆರಡು ಎಲೆ, ಸಣ್ಣದಕ್ಕೆ ಏಳು. ಬೇಸಿಗೆಯಲ್ಲಿ ಕುರುಗೋಡಿನ ಗುಡ್ಡಗಳಿಂದ ತಂದ ಎಲೆಯನ್ನು ಚಪ್ಪಡಿ ಕಲ್ಲಿನಡಿ ಒತ್ತಿಟ್ಟರೆ ದೀಪಾವಳಿಯ ತನಕ ಸಾಲುತ್ತದೆ.

ಯಾರ ಮನೆಯಲ್ಲಿ ಹೇಗೆ ಉಣ್ಣುತ್ತಾರೆಂಬುದು ಆ ಮನೆಯ ಬೀಗರಿಗಿಂತ ಮೂಕಮ್ಮನಿಗೇ ಚೆನ್ನಾಗಿ ಗೊತ್ತು. ಪಕ್ಕದ ಮನೆಯ ಖಾಸಿಂಬಿ ರಂಜಾನಿನ ಉಪವಾಸ ಬಿಟ್ಟು ಊಟಕ್ಕೆ ಕೂತರೆ ಎಲೆಯ ಮಾತೇ ಇಲ್ಲ, ಒಂದೇ ದೊಡ್ಡ ತಾಟು, ಅದಕ್ಕೆ ಆರು ಕೈ. ಬಕ್ರೀದಿಗೆ ಮಾತ್ರ ಆಕೆ ಎಲೆ ಕೊಳ್ಳುತ್ತಾಳೆ. ಬಡವರ ಪಾಲು, ನೆಂಟರ ಪಾಲು ಎಂದು ಕಟ್ಟಿ ಹಂಚಬೇಕಲ್ಲ. ದಂಡಿನ ಬಂಗಲೆಯ ಬಟ್ಲರ್ ಡಿಸೆಂಬರಿನಲ್ಲಿ ಬಂದು ಆಳುಗಳ ಊಟಕ್ಕೆ ಎಲೆ ಒಯ್ಯುತ್ತಾನೆ. ದೊರೆಗಳು ತಮ್ಮ ಕ್ರಿಸ್‌ಮಸ್ ಹಬ್ಬದ ಕಡುಬನ್ನು ತಿಂಗಳ ಮುಂಚೆಯೇ ಬೇಯಿಸಿಟ್ಟು, ಆ ದಿನ ಅದಕ್ಕೆ ಸಾರಾಯಿ ಸುರಿದು ಬೆಂಕಿ ಹಚ್ಚುತ್ತಾರೆಂದು ಅವನು ಹೇಳಿದಾಗ ಮೂಕಮ್ಮ ನಕ್ಕು ನಕ್ಕು ಎಲೆಯ ಬದಲು ಬೆರಳಿಗೇ ಕಡ್ಡಿ ಚುಚ್ಚಿಕೊಂಡಿದ್ದಳು. "ರಾತ್ರಿ ಅನ್ನ ಮುಂಜಾನಿ ಮುಟ್ಟದ ಸಿರುಗುಪ್ಪದ ಸೀತಾಬಾಯಾರಿಗೆ ಇದನ್ನ ಹೇಳಬ್ಯಾಡೋ ಯಪ್ಪಾ, ಊರ ಬಿಟ್ಟು ಹೊಳಿಗೆ ಸ್ನಾನಕ್ಕ ಓಡ್ಯಾರು!"

ಆ ಸೀತಾಬಾಯಿಯವರದೇ ಮುನಿದ ಎರಡು ಮನೆಗಳಲ್ಲಿ ಒಂದು. ಮಾಧ್ವರ ದೊಡ್ಡ ಮನೆತನ. ರಾಯರ ಆರಾಧನೆಗೆ ಇನ್ನೂರು ಎಲೆ ಬೀಳುತ್ತವೆ. ಏಕಾದಶಿ ಬಂದರೆ ನೀರೂ ಮುಟ್ಟದ ಜನ, ಆರಾಧನೆ ಬಂದರೆ ಎಲೆ ತುಂಬ ಇಪ್ಪತ್ತು ಬಗೆ ಬಡಿಸುತ್ತಾರೆ. ಉಪ್ಪಿಗೆ ಒಂದು ಜಾಗ, ಕೋಸಂಬರಿಗೆ ಒಂದು ಜಾಗ. ಒಂದು ಇನ್ನೊಂದರ ಜಾಗಕ್ಕೆ ಕಾಲಿಡುವಂತಿಲ್ಲ. ಉಣ್ಣುವವರು ಕೈ ಅಡ್ಡ ಹಿಡಿದರೂ ಬಡಿಸುವವರು ಬಿಡುವುದಿಲ್ಲ. ಎಲೆಯಲ್ಲಿ ನಾಲ್ಕು ತುತ್ತು ಉಳಿದರೆ ಮನೆಯವರಿಗೆ ಸಮಾಧಾನ. ಹಾಗಾಗಿ ಅಲ್ಲಿಗೆ ದೊಡ್ಡ ಎಲೆಯೇ ಆಗಬೇಕು.

ಇನ್ನೊಂದು, ಕುರುಗೋಡಿನ ಮರಿಬಸಪ್ಪನವರ ಲಿಂಗವಂತ ಮನೆ. ಶ್ರಾವಣ ಸೋಮವಾರ ಅಲ್ಲಿ ಗೋಧಿ ಹುಗ್ಗಿಯ ಊಟ. ಎಲೆಗೆ ಬಿದ್ದದ್ದು ಪ್ರಸಾದ, ಒಂದಗುಳೂ ಬಿಡುವಂತಿಲ್ಲ. ಉಂಡ ಮೇಲೆ ಎಲೆಗೆ ನೀರು ಹನಿಸಿ, ಬಳಿದು ಕುಡಿಯುವ ಹಿರಿಯರಿದ್ದಾರೆ. ಅಲ್ಲಿಗೆ ಸಣ್ಣ ಎಲೆ ಸಾಕು.

ಹೋದ ವರ್ಷ ಆರಾಧನೆ ಸೋಮವಾರವೇ ಬಂತು. ಮೂಕಮ್ಮ ಎರಡೂ ಕಟ್ಟನ್ನು ಒಂದೇ ಬಗೆಯ ನಾರಿನಿಂದ ಕಟ್ಟಿ, "ಮ್ಯಾಲಿಂದು ಕುರುಗೋಡಿಗೆ, ತೆಳಗಿಂದು ಸಿರುಗುಪ್ಪಕ್ಕ" ಎಂದು ಜಡೆಪ್ಪನಿಗೆ ಹೇಳಿ ಕಳಿಸಿದಳು. ದಾರಿಯಲ್ಲಿ ಮಳೆ ಹನಿಯಿತು. ಜಡೆಪ್ಪ ಕಟ್ಟುಗಳನ್ನು ಇಳಿಸಿ ಗುಡಿಯೊಳಗಿಟ್ಟು, ಮಳೆ ನಿಂತ ಮೇಲೆ ಮತ್ತೆ ಹೇರಿದ. ಹೇರುವಾಗ ಮೇಲಿನದು ಕೆಳಗಾಯಿತು.

ಕುರುಗೋಡಿನಲ್ಲಿ ಆದದ್ದನ್ನು ಜನ ಇಂದಿಗೂ ಹೇಳಿಕೊಂಡು ನಗುತ್ತಾರೆ, ಅಂದು ಉಂಡವರು ಮಾತ್ರ ನಗುವುದಿಲ್ಲ. ಎಲೆ ಬಯಲಿನಂತೆ ಹರಡಿತ್ತು. ಬಡಿಸುವವರು ಖಾಲಿ ಕಂಡಲ್ಲೆಲ್ಲ ಹುಗ್ಗಿ ಸುರಿದರು. ಬಿಡುವಂತಿಲ್ಲವೆಂಬ ನೇಮಕ್ಕೆ ಕಟ್ಟುಬಿದ್ದ ಹಿರಿಯರು ಬೆವರು ಒರೆಸಿಕೊಳ್ಳುತ್ತ, ಶಿವ ಶಿವ ಎನ್ನುತ್ತ ಉಂಡರು. ಎಪ್ಪತ್ತರ ಮರಿಬಸಪ್ಪನವರನ್ನು ಇಬ್ಬರು ರಟ್ಟೆ ಹಿಡಿದು ಎಬ್ಬಿಸಬೇಕಾಯಿತು. ಊಟ ಬಲ್ಲವನಿಗೆ ರೋಗವಿಲ್ಲ ಅನ್ನುತ್ತಾರೆ, ಪಾಪ, ಎಲೆ ತಪ್ಪಿ ಬಂದರೆ ಬಲ್ಲವನೂ ಏನು ಮಾಡಿಯಾನು?

ಸಿರುಗುಪ್ಪದಲ್ಲಿ ಅದರ ತಿರುವುಮುರುವು. ಉಪ್ಪು, ಉಪ್ಪಿನಕಾಯಿ, ಚಟ್ನಿ, ಕೋಸಂಬರಿ, ಪಲ್ಯ ಬಡಿಸುವಷ್ಟರಲ್ಲಿ ಎಲೆ ಮುಗಿಯಿತು. "ಅನ್ನಕ್ಕ ಜಾಗಾ ಎಲ್ಲದನೋ ಜಡೆಪ್ಪಾ?" ಎಂದು ಸೀತಾಬಾಯಿ ಪಡಸಾಲೆಯಿಂದಲೇ ಕೂಗಿದರು. ಒಬ್ಬೊಬ್ಬರ ಮುಂದೆ ಎರಡೆರಡು ಎಲೆ ಜೋಡಿಸಿದರು. ಎರಡನೇ ಪಂಕ್ತಿಗೆ ಎಲೆಯೇ ಇರಲಿಲ್ಲ. ಸ್ನಾನ ಮಾಡಿ ಮಡಿಯುಟ್ಟು ಕಾದವರಿಗೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಜಡೆಪ್ಪನ ಮೇಲೆ ತಪ್ಪು ಹೊರಿಸುವುದು ಸುಲಭವಿತ್ತು. ಮೂಕಮ್ಮ ಹೊರಿಸಲಿಲ್ಲ. "ಗುರುತು ಕಟ್ಟದಾಕಿ ನಾನು. ಎತ್ತಿಗೆ ಬೈದ್ರ ಹಾದಿ ಸರಿ ಆಗತೈತೇನು?" ಅನ್ನುತ್ತಾಳೆ. ಆದರೆ ಆ ವರ್ಷವಿಡೀ ಒಂದು ಮಾತು ಆಕೆಯನ್ನು ಕೊರೆಯಿತು. ಅನ್ನವಿಲ್ಲದೆ ಸತ್ತವರನ್ನು ಕಂಡ ಕಣ್ಣು, ಅನ್ನ ಹೆಚ್ಚಾಗಿ ನರಳಿದ ಮುದುಕರನ್ನು ನೆನೆದು ಸಂಕಟಪಟ್ಟಿತು. ಹಸಿವಿಗೊಂದು ಅಳತೆಯಿದೆ, ಎಲೆಗೂ ಅದೇ ಅಳತೆ ಇರಬೇಕು ಎಂದು ಆಕೆಗೆ ಅನ್ನಿಸಿತು. ಈ ಸಲ ಕುರುಗೋಡಿಗೆ ಮಕ್ಕಳಿಗೆ, ದುಡಿಯುವವರಿಗೆ, ಮುದುಕರಿಗೆ ಎಂದು ಮೂರು ಬಗೆಯ ನಮೂನೆ ಹೊಲಿದಳು. ಸಿರುಗುಪ್ಪಕ್ಕೆ ಹದಿನಾಲ್ಕು ಎಲೆಯ ಒಂದೇ ಒಂದು ನಮೂನೆ. ಅಷ್ಟು ದೊಡ್ಡದನ್ನು ಆಕೆ ಹಿಂದೆಂದೂ ಹೊಲಿದಿರಲಿಲ್ಲ.

ಬಿಸಿಲು ಹೊಸ್ತಿಲಿಗೆ ಬರುವ ಹೊತ್ತಿಗೆ ಗಾಡಿಯ ಗೆಜ್ಜೆ ಕೇಳಿಸುತ್ತದೆ. ಮೂಕಮ್ಮ ಏಳುವುದಿಲ್ಲ. ಕೈಯಲ್ಲಿದ್ದ ಕಡ್ಡಿ ಮಾತ್ರ ಎಲೆಗೆ ಇಳಿಯದೆ ಹಾಗೇ ನಿಲ್ಲುತ್ತದೆ.

"ಏನಂದ್ರೋ?"

ಜಡೆಪ್ಪ ಮೊದಲು ನೀರು ಕೇಳುತ್ತಾನೆ. ಚೊಂಬು ಬರಿದಾದ ಮೇಲೆ ರುಮಾಲಿನ ಮಡಿಕೆಯಿಂದ ಒಂದು ಜೋಳದ ದಂಟು ತೆಗೆಯುತ್ತಾನೆ. ಗೇಣಿಗಿಂತ ತುಸು ಉದ್ದ, ಎರಡೂ ತುದಿ ಚಾಕುವಿನಿಂದ ಸರಿಯಾಗಿ ಕತ್ತರಿಸಿದ್ದು.

"ಮರಿಬಸಪ್ಪಜ್ಜಾರು ಮುದುಕರ ಎಲಿ ಮ್ಯಾಲೆ ಉಂಡು ನೋಡಿದ್ರಕ್ಕಾ. ಒಂದಗುಳು ಬಿಡಲಿಲ್ಲ, ಯಾರೂ ಹಿಡೀದ ತಾವ ಎದ್ರು. 'ಬಿಡಬಾರದು ಅಂತ ನೇಮ ಐತಿ, ತುಂಬಲೇಬೇಕು ಅಂತ ನೇಮ ಇಲ್ಲ. ಇಷ್ಟು ದಿನ ಇದನ್ನ ಯಾರೂ ನಮಗ ಹೇಳಿರಲಿಲ್ಲ ನೋಡು' ಅಂದ್ರು. ಇದು ಅವರ ಎಲಿ ಅಳತಿ. ಮೂರೂ ಬಗಿ ಬೇಕಂತ."

ಮೂಕಮ್ಮ ದಂಟನ್ನು ಕಣ್ಣಿಗೊತ್ತಿಕೊಳ್ಳುತ್ತಾಳೆ. "ಸಿರುಗುಪ್ಪದಾರು?"

ಜಡೆಪ್ಪ ಅರಿಶಿನ ಹಚ್ಚಿದ ಉದ್ದನೆಯ ದಾರ ಕೊಡುತ್ತಾನೆ. ಅದರ ತುಂಬ ಗಂಟುಗಳು. ಸೀತಾಬಾಯಿಯವರೇ ಕೂತು, ಉಪ್ಪಿನಿಂದ ಹಿಡಿದು ಹೋಳಿಗೆಯವರೆಗೆ ಯಾವುದಕ್ಕೆ ಎಷ್ಟು ಜಾಗವೆಂದು ಗಂಟು ಹಾಕಿ ಕಳಿಸಿದ್ದಾರೆ. "'ಮೂಕವ್ವಗ ಹೇಳು, ಈ ಸಲ ಅನ್ನದ ಗಂಟು ಮರೀಬ್ಯಾಡ ಅಂತ' ಅಂದ್ರು. ನಕ್ಕೋತ ಅಂದ್ರಕ್ಕಾ, ಸಿಟ್ಟಿಲ್ಲ."

ಮೂಕಮ್ಮ ಅಳುತ್ತಾಳೆ. ಅಳುತ್ತಲೇ ನಗುತ್ತಾಳೆ. ಖಾಸಿಂಬಿ ಗೋಡೆಯಾಚೆಯಿಂದ ಇಣುಕಿ, "ಕ್ಯಾ ಹುವಾ ಮೂಕಮ್ಮಾ?" ಎಂದು ಕೇಳುತ್ತಾಳೆ. ಮೂಕಮ್ಮ ಎದ್ದು ದಂಟನ್ನೂ ದಾರವನ್ನೂ ಬಾಗಿಲ ಪಕ್ಕದ ಎರಡು ಗೂಟಗಳಿಗೆ ಬೇರೆಬೇರೆಯಾಗಿ ಸಿಕ್ಕಿಸುತ್ತಾಳೆ. ಇನ್ನು ಕಟ್ಟು ಅದಲುಬದಲಾಗುವ ಮಾತಿಲ್ಲ. ಕಟ್ಟಿಗೆ ದಂಟಿನ ಚೂರು ಸಿಕ್ಕಿಸಿದ್ದು ಕುರುಗೋಡಿಗೆ, ಹಳದಿ ದಾರ ಸುತ್ತಿದ್ದು ಸಿರುಗುಪ್ಪಕ್ಕೆ.

ನಿಮ್ಮ ಕೆಲಸ ದೊಡ್ಡದು ಎಂದು ಯಾರಾದರೂ ಅಂದರೆ ಆಕೆ ಒಪ್ಪುವುದಿಲ್ಲ. "ಊಟ ಹೊಗಳ್ತಾರ, ಎಲಿ ಯಾರೂ ಹೊಗಳೂದಿಲ್ಲ. ಸಾರು ಹಾಕಿದ್ರ ಸಾರು ಎಲಿ ಮ್ಯಾಲೆ ನಿಲ್ಲಬೇಕು, ಅಷ್ಟ ನನ್ನ ಕೆಲಸ. ನಿಲ್ಲತೈತಿ."

ಎತ್ತುಗಳ ನೊಗ ಬಿಚ್ಚುತ್ತಿದ್ದ ಜಡೆಪ್ಪ ಗೋಡೆಯ ಕಡೆ ನೋಡಿ ಚೇಷ್ಟೆ ಮಾಡುತ್ತಾನೆ. "ಎಲ್ಲಾರ ಅಳತಿ ಗ್ವಾಡಿಗೆ ಬಂತು. ನಿನ್ನ ಅಳತಿ ಯಾವುದಕ್ಕಾ?"

ಮೂಕಮ್ಮ ಎರಡೂ ಕೈ ಕೂಡಿಸಿ ಬೊಗಸೆ ಮಾಡಿ ನೋಡಿಕೊಳ್ಳುತ್ತಾಳೆ. ಅಂಗೈ ತುಂಬ ಕಡ್ಡಿ ಚುಚ್ಚಿದ ಗುರುತು.

"ಬರದಾಗ ನನ್ನ ಅಳತಿ ಇಷ್ಟಿತ್ತು," ಅನ್ನುತ್ತಾಳೆ. "ಇದಕ್ಕಿಂತ ಒಂದ ಬೆರಳು ಜಾಸ್ತಿ ಇರಲಪ್ಪ. ಆ ಒಂದ ಬೆರಳು, ಬಾಗಲಿಗೆ ಬಂದಾರಿಗೆ."